ಚೆನ್ನೀನೊನ ಇದ್ದಿಲು, ಮೈಸೂರಿನ ಹುಣಸೆಕಡ್ಡಿ

1909ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದ ಯುವಕನೊಬ್ಬ ಚಿತ್ರಕಲೆ ಕಲಿಯಲೆಂದು ಊರು ಬಿಟ್ಟು ಹೊರಟ. ಹೆಸರು ಕೆ. ವೆಂಕಟಪ್ಪ. ಖರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆಯಿತ್ತು. ಆ ಕಾಲದಲ್ಲಿ ಕಲಾವಿದನಾಗಬೇಕು ಎಂದುಕೊಂಡ ಹುಡುಗನಿಗೆ ಕಾಶಿಯಂತಿದ್ದ ಊರುಗಳು ರೋಮ್ ಮತ್ತು ಫ್ಲಾರೆನ್ಸ್. ಬಂಗಾಳದ ಶಶಿ ಹೇಶ್ 1890ರ ದಶಕದಲ್ಲೇ ಇಟಲಿಗೆ ಹೋಗಿ ಕಲಿತಿದ್ದರು. ಮೈಸೂರಿನ ಈ ಹುಡುಗ ಮಾತ್ರ ಹೋದದ್ದು ಕಲ್ಕತ್ತೆಗೆ, ಅಲ್ಲಿಂದ ಅಜಂತಾಕ್ಕೆ.

ಈಗಲೂ ಮೈಸೂರಿನಲ್ಲಿ ಕಲಾ ಇತಿಹಾಸ ಓದುವ ಮಕ್ಕಳಲ್ಲಿ ಇಟಲಿಯ ಆಸೆ ಹೋಗಿಲ್ಲ. ಆರು ವಾರದ್ದೋ ಮೂರು ತಿಂಗಳದ್ದೋ ಅಧ್ಯಯನ ಪ್ರವಾಸ ಎಲ್ಲಿದೆ, ವಿದ್ಯಾರ್ಥಿವೇತನ ಯಾರು ಕೊಡುತ್ತಾರೆ ಎಂದು ಹುಡುಕುತ್ತಲೇ ಇರುತ್ತಾರೆ. ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಹೋಗುವ ಮುಂಚೆ ವೆಂಕಟಪ್ಪನವರ ಕತೆಯನ್ನು ಒಮ್ಮೆ ಓದಿಕೊಳ್ಳಿ ಎನ್ನುತ್ತೇನೆ. ಇಟಲಿಗೆ ಕಾಲಿಡದ ಅವರಿಗೆ ಎರಡು ಇಟಲಿಗಳು ಎದುರಾದವು. ಒಂದು ಕಲಾಶಾಲೆಯ ಇಟಲಿ, ಇನ್ನೊಂದು ಕಾರ್ಖಾನೆಯ ಇಟಲಿ. ಕಾರ್ಖಾನೆ ಎಂದರೆ ಇಲ್ಲಿ ಯಂತ್ರಗಳಿರುವ ಜಾಗವಲ್ಲ. ಗುರು, ಶಿಷ್ಯರು, ಅರೆಯುವ ಕಲ್ಲು, ಅಂಟಿನ ಮಡಕೆ ಇರುವ ಚಿತ್ರಗಾರನ ಮನೆ. ಮೊದಲನೆಯ ಇಟಲಿ ನಮ್ಮವರನ್ನು ಚಿಕ್ಕವರನ್ನಾಗಿ ಮಾಡಿತು. ಎರಡನೆಯದನ್ನು ಹತ್ತಿರ ಹೋಗಿ ನೋಡಿದರೆ ನಮ್ಮ ಮನೆಯಂತೆಯೇ ಕಾಣುತ್ತದೆ.

ಮೊದಲು ಆ ಮನೆಯ ವಿಚಾರ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಅರಮನೆಗೆ ಚಿತ್ರ ಬರೆಯುತ್ತಿದ್ದ ಕುಟುಂಬದಲ್ಲಿ. ಮೈಸೂರು ಚಿತ್ರಕಲೆ ಎಂದು ನಾವು ಇಂದು ಕರೆಯುವ ಶೈಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ತುಂಬಿ ನಿಂತದ್ದು. ಶ್ರೀತತ್ತ್ವನಿಧಿಯ ಪುಟಗಳಲ್ಲಿ, 1861ರ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಕೈಗಳ ಕೆಲಸವನ್ನು ಈಗಲೂ ನೋಡಬಹುದು.

ಆ ಚಿತ್ರಗಳಿಗೆ ಬೇಕಾದ ಸಾಮಾನು ಅಂಗಡಿಯಿಂದ ತಯಾರಾಗಿ ಬರುತ್ತಿರಲಿಲ್ಲ. ನೇರವಾದ ಹುಣಸೆಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟರೆ ಗೆರೆ ಎಳೆಯುವ ಇದ್ದಿಲು ಸಿಗುತ್ತಿತ್ತು. ಅಳಿಲಿನ, ಮೇಕೆಯ, ಒಂಟೆಯ ಕೂದಲು ಕಟ್ಟಿ ಕುಂಚ ಮಾಡಿಕೊಳ್ಳುತ್ತಿದ್ದರು. ಕೂದಲೆಳೆಯಷ್ಟು ಸಣ್ಣ ಗೆರೆಗೆ ಚೂಪಾದ ಒಂದು ಜಾತಿಯ ಹುಲ್ಲಿನ ಗರಿ. ದೇವರ ಕಿರೀಟ, ಪ್ರಭಾವಳಿ, ಸೀರೆಯ ಅಂಚು ಉಬ್ಬಿ ಕಾಣಬೇಕಾದ ಕಡೆ ಸಫೇದದ ಪುಡಿಗೆ ಗೋಂದು ಸೇರಿಸಿ ಕಲಸಿದ ಸರಿಯನ್ನು ಕುಂಚದ ತುದಿಯಿಂದ ಇಳಿಬಿಟ್ಟು ಎತ್ತರ ಮಾಡಿ, ಒಣಗಿದ ಮೇಲೆ ಚಿನ್ನದ ರೇಕು ಕೂರಿಸಿ, ಕೊನೆಗೆ ನುಣುಪು ಕಲ್ಲಿನಿಂದ ಹದವಾಗಿ ಉಜ್ಜಿ ಹೊಳಪು ತರುತ್ತಿದ್ದರು. ಇದಕ್ಕೆಲ್ಲ ಪಠ್ಯಪುಸ್ತಕವಿರಲಿಲ್ಲ. ಅಪ್ಪ ಮಾಡುತ್ತಿದ್ದ, ಮಗ ಪಕ್ಕದಲ್ಲಿ ಕೂತು ಬಣ್ಣ ಅರೆಯುತ್ತಿದ್ದ.

ವೆಂಕಟಪ್ಪನವರು ಬೆಳೆಯುವ ಹೊತ್ತಿಗೆ ಆ ಕೆಲಸಕ್ಕಿದ್ದ ಮರ್ಯಾದೆ ಇಳಿಯುತ್ತಿತ್ತು. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್‌ರ ನಕ್ಷೆಯಂತೆ ಹೊಸ ಅರಮನೆ ಏಳುತ್ತಿತ್ತು. ಅದಕ್ಕೆ ಚಿತ್ರ ಬರೆಯಲು ಕರೆ ಹೋದದ್ದು ರಾಜಾ ರವಿವರ್ಮರಿಗೆ. ರವಿವರ್ಮರೂ ಯುರೋಪಿಗೆ ಹೋದವರಲ್ಲ. ಆದರೆ ಅವರ ತೈಲವರ್ಣದ ಹಿಂದೆ ಇದ್ದದ್ದು ಯುರೋಪಿನ ಕಲಾಶಾಲೆಗಳ ಪಾಠವೇ: ನೆರಳು ಬೆಳಕು, ಮಾಂಸಲ ದೇಹ, ದೂರ ಸರಿದಂತೆ ಚಿಕ್ಕದಾಗುವ ಕಂಬಗಳ ಸಾಲು. ಅದರ ಮುಂದೆ ಚಿನ್ನದ ರೇಕಿನ ಪಟ ‘ಹಳೆಯ ಕಾಲದ್ದು’ ಅನ್ನಿಸತೊಡಗಿತು. ರವಿವರ್ಮರು ಕಲಾವಿದರು, ಚಿತ್ರಗಾರ ಕಸುಬಿನವ. ಈ ಭೇದ ಎಲ್ಲಿಂದ ಬಂತು?

ಅದಕ್ಕೆ ಫ್ಲಾರೆನ್ಸಿಗೇ ಹೋಗಬೇಕು. ಹದಿನಾಲ್ಕನೆಯ ಶತಮಾನದ ಫ್ಲಾರೆನ್ಸಿನಲ್ಲಿ ಚಿತ್ರಗಾರರಿಗೆ ಸ್ವಂತದ ದೊಡ್ಡ ಸಂಘವೂ ಇರಲಿಲ್ಲ. ವೈದ್ಯರು ಮತ್ತು ಔಷಧ ಸಾಮಗ್ರಿ ಮಾರುವವರ ಸಂಘದಲ್ಲೇ ಅವರೂ ಸದಸ್ಯರು, ಏಕೆಂದರೆ ಬಣ್ಣದ ಕಲ್ಲು, ಅಂಟು, ರಾಳ ಸಿಗುತ್ತಿದ್ದದ್ದು ಔಷಧದ ಅಂಗಡಿಯಲ್ಲಿ. ಮೈಸೂರಿನ ಗ್ರಂದಿಗೆ ಅಂಗಡಿಗೆ ಹೋದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗೋಂದು, ರಾಳ, ಕಾವಿ, ಅಳಲೆಕಾಯಿ ಎಲ್ಲ ಅಲ್ಲಿ ಅಕ್ಕಪಕ್ಕದ ಡಬ್ಬಿಗಳಲ್ಲೇ ಇರುತ್ತವೆ. ಆ ಫ್ಲಾರೆನ್ಸಿನಲ್ಲಿ ಚಿತ್ರಗಾರನೆಂದರೆ ಗಡಿಯಾರದವನ, ಅಕ್ಕಸಾಲಿಗನ ಸಾಲಿನಲ್ಲಿ ನಿಲ್ಲುವ ಕಸುಬುದಾರ.

ಅದನ್ನು ಬದಲಿಸಿದವರಲ್ಲಿ ಮುಖ್ಯನಾದವನು ಜಾರ್ಜಿಯೊ ವಸಾರಿ. 1550ರಲ್ಲಿ ಆತ ಚಿತ್ರಕಾರರ, ಶಿಲ್ಪಿಗಳ, ವಾಸ್ತುಶಿಲ್ಪಿಗಳ ಜೀವನಚರಿತ್ರೆಗಳ ದೊಡ್ಡ ಪುಸ್ತಕ ಪ್ರಕಟಿಸಿದ. ಚಿತ್ರ ಮೊದಲು ಬುದ್ಧಿಯಲ್ಲಿ ಹುಟ್ಟುತ್ತದೆ, ಕೈ ಅದನ್ನು ಪಾಲಿಸುತ್ತದೆ ಎಂಬುದು ಅವನ ನಿಲುವಿನ ಸಾರ. 1563ರಲ್ಲಿ ಮೆದಿಚಿ ದೊರೆ ಮೊದಲನೆಯ ಕೊಸಿಮೊನ ಆಶ್ರಯದಲ್ಲಿ ಅಲ್ಲಿ ಕಲಾ ಅಕಾಡೆಮಿ ಸ್ಥಾಪನೆಯಾಯಿತು. 1571ರಲ್ಲಿ ಅದರ ಸದಸ್ಯರಿಗೆ ಹಳೆಯ ಕಸುಬಿನ ಸಂಘಗಳ ಕಟ್ಟುಪಾಡಿನಿಂದ ಬಿಡುಗಡೆ ಸಿಕ್ಕಿತು. ಅಂದಿನಿಂದ ಕಲಾವಿದ ಬೇರೆ, ಕುಶಲಕರ್ಮಿ ಬೇರೆ. 1648ರಲ್ಲಿ ಪ್ಯಾರಿಸ್, 1768ರಲ್ಲಿ ಲಂಡನ್ ಇದೇ ಮಾದರಿಯ ಅಕಾಡೆಮಿಗಳನ್ನು ಕಟ್ಟಿಕೊಂಡವು. ಅಲ್ಲಿಂದ ಆ ವಿಚಾರ ಹಡಗು ಹತ್ತಿ 1850ರಲ್ಲಿ ಮದ್ರಾಸಿಗೆ, 1854ರಲ್ಲಿ ಕಲ್ಕತ್ತೆಗೆ, 1857ರಲ್ಲಿ ಬೊಂಬಾಯಿಗೆ ಬಂತು. ಈ ಶಾಲೆಗಳನ್ನು ತೆರೆದ ಉದ್ದೇಶ ಬಹುಮಟ್ಟಿಗೆ ಕೈಗಾರಿಕೆಗೆ ಕುಶಲಿಗಳನ್ನು ತಯಾರಿಸುವುದೇ ಆದರೂ, ಒಳಗೆ ಹೋದ ಹುಡುಗನ ಮುಂದೆ ಇಟ್ಟದ್ದು ಗ್ರೀಕ್, ರೋಮನ್ ಶಿಲ್ಪಗಳ ಗಾರೆಯ ಅಚ್ಚುಗಳನ್ನು. ಅವನ್ನು ನೋಡಿ ಬರೆ, ತಿದ್ದು, ಮತ್ತೆ ಬರೆ. ಹುಡುಗ ಇಟಲಿಗೆ ಹೋಗದಿದ್ದರೂ ಬಿಳಿಯ ಗಾರೆಯ ಇಟಲಿ ಅವನ ಬೆಂಚಿನ ಮುಂದೆ ಬಂದು ಕೂತಿತ್ತು.

ಕಲ್ಕತ್ತೆಯಲ್ಲಿ ಇದರ ವಿರುದ್ಧ ತಿರುಗಿಬಿದ್ದವರು ಪ್ರಿನ್ಸಿಪಾಲರೇ ಆಗಿದ್ದ ಇ.ಬಿ. ಹ್ಯಾವೆಲ್. ಮದ್ರಾಸಿನ ಕಲಾಶಾಲೆಯಲ್ಲಿ ದುಡಿದು 1896ರಲ್ಲಿ ಅಲ್ಲಿಗೆ ಬಂದ ಅವರು ಶಾಲೆಯ ಯುರೋಪಿಯನ್ ಚಿತ್ರಗಳ ಸಂಗ್ರಹವನ್ನು ಹೊರಹಾಕಿ, ಮೊಘಲ್ ಮತ್ತಿತರ ಭಾರತೀಯ ಚಿತ್ರಗಳನ್ನು ತಂದಿಟ್ಟರು. ವಿಚಿತ್ರವೆಂದರೆ ವಿದ್ಯಾರ್ಥಿಗಳೇ ಮುಷ್ಕರ ಹೂಡಿದರು. ಬಿಳಿಯರು ನಮ್ಮನ್ನು ಒಳ್ಳೆಯ ಕಲೆಯಿಂದ ದೂರ ಇಡಲು ಹೂಡಿದ ಉಪಾಯ ಇದು ಎಂದು ಕಲ್ಕತ್ತೆಯ ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಆ ಅನುಮಾನ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಫ್ಲಾರೆನ್ಸ್ ಎಲ್ಲರ ಆಸ್ತಿಯಾದರೆ ನಮಗೆ ಮಾತ್ರ ಏಕೆ ಬೇಡ? ಇಂದಿನ ವಿದ್ಯಾರ್ಥಿಯೂ ಇದೇ ಪ್ರಶ್ನೆ ಕೇಳಬಹುದು, ಕೇಳಬೇಕು.

ಹ್ಯಾವೆಲ್‌ರ ಜೊತೆಗೆ ನಿಂತವರು ಅವನೀಂದ್ರನಾಥ ಠಾಕೂರ್. 1905ರಲ್ಲಿ ಅವರು ಶಾಲೆಯ ವೈಸ್ ಪ್ರಿನ್ಸಿಪಾಲರಾದರು. ‘ಭಾರತೀಯ ಶೈಲಿ’ಯ ಹರಿಕಾರರೆಂದು ಹೆಸರಾದ ಅವರ ಮೊದಲ ಪಾಠಗಳಲ್ಲೇ ಒಂದು ನಡೆದದ್ದು ಓಲಿಂಟೊ ಗಿಲಾರ್ಡಿ ಎಂಬ ಇಟಲಿಯವರ ಬಳಿ. ಅದೇ ಶಾಲೆಯಲ್ಲಿ ಕೆಲಸದಲ್ಲಿದ್ದ ಗಿಲಾರ್ಡಿ ಅವರಿಗೆ ಪೇಸ್ಟೆಲ್ ಹೇಳಿಕೊಟ್ಟಿದ್ದರು. ಕಲೆಯ ಇತಿಹಾಸದಲ್ಲಿ ಗಡಿಗೆರೆ ಎಳೆಯುವವರು ನೆನಪಿಡಬೇಕಾದ ಸಂಗತಿ ಇದು. ಮೈಸೂರಿನ ಕೈಗಾರಿಕಾ ಶಾಲೆ, ಮದ್ರಾಸಿನ ಕಲಾಶಾಲೆಗಳನ್ನು ಹಾದು ವೆಂಕಟಪ್ಪನವರು 1909ರಲ್ಲಿ ಬಂದು ಸೇರಿದ್ದು ಈ ಅವನೀಂದ್ರರ ಶಿಷ್ಯಮಂಡಲಿಯನ್ನು. ನಂದಲಾಲ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ, ಕ್ಷಿತೀಂದ್ರನಾಥ ಮಜುಮ್ದಾರ್ ಅವರ ಜೊತೆಗಾರರು.

ಇನ್ನೊಂದು ಇಟಲಿ ಅವರಿಗೆ ಎದುರಾದದ್ದು ಆ ಹೊತ್ತಿನಲ್ಲಿ, ಒಬ್ಬ ಇಂಗ್ಲಿಷ್ ಹೆಂಗಸಿನ ರೂಪದಲ್ಲಿ.

ಕ್ರಿಶ್ಚಿಯಾನಾ ಹೆರಿಂಗ್‌ಹ್ಯಾಮ್ ಲಂಡನ್ನಿನ ಚಿತ್ರಕಾರ್ತಿ. ಕೊಳವೆಯಲ್ಲಿ ತುಂಬಿ ಮಾರುವ ತೈಲವರ್ಣ ಬರುವ ಮುಂಚೆ ಇಟಲಿಯವರು ಹೇಗೆ ಚಿತ್ರ ಬರೆಯುತ್ತಿದ್ದರು ಎಂಬ ಹುಚ್ಚು ಅವರಿಗೆ. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವ ಟೆಂಪರಾ ವಿಧಾನವನ್ನು ತಾವೇ ಕಲಿತು, ಬೊತ್ತಿಚೆಲ್ಲಿಯ ಚಿತ್ರಗಳನ್ನು ಅದೇ ವಿಧಾನದಲ್ಲಿ ನಕಲು ಮಾಡಿದರು. 1899ರಲ್ಲಿ ಅವರು ಒಂದು ಹಳೆಯ ಇಟಾಲಿಯನ್ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಅದನ್ನು ಬರೆದವನು ಚೆನ್ನೀನೊ ಚೆನ್ನೀನಿ. 1400ರ ಆಸುಪಾಸಿನ ಕೃತಿ. ಚೆನ್ನೀನೊ ತನ್ನ ವಂಶಾವಳಿ ಹೇಳಿಕೊಳ್ಳುವ ರೀತಿ ನಮ್ಮ ಸಂಗೀತಗಾರರು ಪರಂಪರೆ ಹೇಳಿದ ಹಾಗಿದೆ: ನಾನು ಆನ್ಯೊಲೊ ಗಾದ್ದಿಯ ಬಳಿ ಹನ್ನೆರಡು ವರ್ಷ ಇದ್ದೆ, ಆತ ತನ್ನ ತಂದೆ ತಾದ್ದೆಯೊನಿಂದ ಕಲಿತ, ತಾದ್ದೆಯೊ ಜಿಯೊಟ್ಟೊನಿಂದ.

ಸೌಂದರ್ಯ ಎಂದರೇನು ಎಂಬ ಚರ್ಚೆಗೆ ಆ ಪುಸ್ತಕದಲ್ಲಿ ಜಾಗ ಕಡಿಮೆ. ವಿಲ್ಲೋ ಮರದ ಕಡ್ಡಿಗಳನ್ನು ಕಂತೆ ಕಟ್ಟಿ, ಮಡಕೆಯಲ್ಲಿಟ್ಟು ಬಾಯಿ ಮುಚ್ಚಿ, ರಾತ್ರಿ ಬ್ರೆಡ್ ಸುಡುವವನ ಒಲೆಯಲ್ಲಿ ಇಟ್ಟು ಬಾ, ಬೆಳಿಗ್ಗೆ ಇದ್ದಿಲು ತಯಾರಾಗಿರುತ್ತದೆ ಎನ್ನುತ್ತಾನೆ. ಅಳಿಲಿನ ಬಾಲದ ಕೂದಲನ್ನು ಹೇಗೆ ಆರಿಸಿ ಕಟ್ಟಿ ಕುಂಚ ಮಾಡಬೇಕು ಎನ್ನುತ್ತಾನೆ. ಮೇಕೆಯ ಚರ್ಮ, ಗೊರಸು, ನರಗಳನ್ನು ಬೇಯಿಸಿ ಅಂಟು ತೆಗೆಯುವುದು, ಅದರಲ್ಲಿ ಸುಣ್ಣದಂಥ ಬಿಳಿ ಪುಡಿ ಕಲಸಿ ಹಲಗೆಗೆ ಪದರ ಪದರವಾಗಿ ಬಳಿಯುವುದು, ಅದೇ ಸರಿಯನ್ನು ಕುಂಚದಿಂದ ಇಳಿಬಿಟ್ಟು ಉಬ್ಬು ಅಲಂಕಾರ ಮಾಡುವುದು, ಚಿನ್ನದ ರೇಕು ಹಾಸಿ ಕಲ್ಲಿನಿಂದಲೋ ನಾಯಿಯ ಹಲ್ಲಿನಿಂದಲೋ ಉಜ್ಜಿ ಹೊಳಪು ಕೊಡುವುದು, ಎಲ್ಲವೂ ಅದರಲ್ಲಿದೆ.

ಕೆಲವು ವರ್ಷದ ಹಿಂದೆ ಫ್ಲಾರೆನ್ಸಿನಲ್ಲಿ ಬೇಸಿಗೆ ಪ್ರವಾಸ ಮುಗಿಸಿ ಬಂದ ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ಖುಷಿಯಿಂದ ಹೇಳಿಕೊಂಡಳು: ‘ಸರ್, ಮ್ಯೂಸಿಯಮ್ಮುಗಳಿಗಿಂತ ಇಷ್ಟ ಆಗಿದ್ದು ಒಂದು ಸಣ್ಣ ವರ್ಕ್‌ಶಾಪು. ಎರಡು ದಿನ ಗೆಸ್ಸೋ ಮಾಡೋದು, ಚಿನ್ನ ಕೂರಿಸೋದು ಹೇಳಿಕೊಟ್ಟರು. ಇಂಥದ್ದೆಲ್ಲ ನಮ್ಮಲ್ಲಿ ಇರಬೇಕಿತ್ತು.’ ಅವಳ ಮನೆ ಇರುವುದು ಮೈಸೂರಿನ ಕೋಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವಳನ್ನು ಬೈಯುವ ಕಾರಣ ನನಗೆ ಕಾಣಲಿಲ್ಲ. ಅವಳು ಓದಿದ ಯಾವ ಪಠ್ಯದಲ್ಲೂ ಹುಣಸೆಕಡ್ಡಿಯ ವಿಷಯ ಇರಲಿಲ್ಲ, ಜಿಯೊಟ್ಟೊ ಇದ್ದ.

ಅಜಂತಾಕ್ಕೆ ಬರೋಣ. ಹೆರಿಂಗ್‌ಹ್ಯಾಮ್ 1909ರಿಂದ 1911ರ ನಡುವಿನ ಎರಡು ಚಳಿಗಾಲ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿದರು. ಗುಹೆಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಫರ್ದಾಪುರದ ಬಳಿ ಡೇರೆ ಹಾಕಿಕೊಂಡು, ದಿನವೂ ವಾಘೋರಾ ಕಣಿವೆಗೆ ಹೋಗಿ ಬರುವ ಕೆಲಸ. ಕಲ್ಕತ್ತೆಯಿಂದ ನಂದಲಾಲ, ಅಸಿತ್ ಹಾಲ್ದಾರ್, ಸಮರೇಂದ್ರನಾಥ ಮತ್ತು ವೆಂಕಟಪ್ಪ ಅವರ ನೆರವಿಗೆ ಹೋದರು. ಹೈದರಾಬಾದಿನಿಂದ ಸೈಯದ್ ಅಹ್ಮದ್ ಮತ್ತು ಮಹಮ್ಮದ್ ಫಜಲುದ್ದೀನ್ ಬಂದರು. ಇಂಗ್ಲೆಂಡಿನಿಂದ ಡೊರೊಥಿ ಲಾರ್ಚರ್ ಬಂದರು. ನಮ್ಮ ಕಾಲದ ಭಾಷೆಯಲ್ಲಿ ಹೇಳುವುದಾದರೆ ಇದು ಒಂದು ಅಧ್ಯಯನ ಪ್ರವಾಸ. ಆದರೆ ಅಂಗೈಯಗಲದ ಜಾಗದ ಮುಂದೆ ದಿನಗಟ್ಟಲೆ ಕೂತು, ಯಾವ ಗೆರೆ ಮೊದಲು ಬಿತ್ತು, ಯಾವ ಬಣ್ಣ ಯಾವುದರ ಮೇಲೆ ಕೂತಿದೆ ಎಂದು ಬೆರಳಿನಿಂದ ತಿಳಿಯುವ ಪ್ರವಾಸ. ಬೆಳಕು ಕಡಿಮೆ; ಗೋಡೆಗೆ ಹೊಗೆ, ಬಾವಲಿಯ ಕೊಳೆ, ಹಿಂದಿನವರು ಬಳಿದ ವಾರ್ನಿಷ್.

ಅಲ್ಲಿ ಅವರು ಕಂಡದ್ದು ಇಟಲಿಯ ಫ್ರೆಸ್ಕೊ ಅಲ್ಲ, ಅದನ್ನು ನೆನಪಿಸುವ ಬೇರೆಯೇ ಪದ್ಧತಿ. ಇಟಲಿಯವರು ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಗಾರೆ ಒಣಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯಬೇಕು. ಅಜಂತಾದಲ್ಲಿ ಬಂಡೆಯ ಮೇಲೆ ಹೊಟ್ಟು, ನಾರು ಬೆರೆಸಿದ ಮಣ್ಣಿನ ಮೆತ್ತಿಗೆ, ಅದರ ಮೇಲೆ ತೆಳು ಸುಣ್ಣ. ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಕೆಂಪು ಮತ್ತು ಹಳದಿ ಕಾವಿ, ಹಸಿರು ಮಣ್ಣು, ದೀಪದ ಕಾಡಿಗೆ ಹತ್ತಿರದಲ್ಲೇ ಸಿಗುವವು. ನೀಲಿ ಮಾತ್ರ ದೂರದ್ದು. ಲಾಜವರ್ದದ ಕಲ್ಲು ಅಫ್ಘಾನಿಸ್ತಾನದ ಬದಖ್‌ಶಾನ್ ಕಡೆಯ ಗಣಿಗಳಿಂದ ಬರುತ್ತಿತ್ತು. ಚೆನ್ನೀನೊ ಎಲ್ಲಕ್ಕಿಂತ ಶ್ರೇಷ್ಠ ಎಂದು ಕರೆದ, ರಾಳ, ಮೇಣಗಳಲ್ಲಿ ನಾದಿ ನಾದಿ ತೆಗೆಯಬೇಕು ಎಂದು ಹೇಳಿದ ನೀಲಿಯೂ ಆ ಗಣಿಗಳದ್ದೇ. ಒಂದೇ ಬೆಟ್ಟದ ಕಲ್ಲು ಸಾವಿರ ವರ್ಷದ ಅಂತರದಲ್ಲಿ ದಕ್ಷಿಣಕ್ಕೂ ಪಶ್ಚಿಮಕ್ಕೂ ಹೋಗಿ, ಒಂದು ಕಡೆ ಬೋಧಿಸತ್ವನ ಸುತ್ತ, ಇನ್ನೊಂದು ಕಡೆ ಮೇರಿಯ ಸೆರಗಿನಲ್ಲಿ ಕೂತಿತು.

ಚೆನ್ನೀನೊನ ಅನುವಾದಕಿ ಮತ್ತು ಮೈಸೂರು ಚಿತ್ರಗಾರನ ಮಗ ಒಂದೇ ಗೋಡೆಯನ್ನು ನೋಡುತ್ತ ಕೂತ ಆ ಚಳಿಗಾಲವನ್ನು ನೆನೆದಾಗ, ಅವರಿಬ್ಬರ ಕೈಗೂ ಅಂಟು, ಕುಂಚ, ಅರೆಯುವ ಕಲ್ಲಿನ ಅಭ್ಯಾಸ ಇತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಆದರೆ ಆಕೆ ಆ ಅಭ್ಯಾಸವನ್ನು ಪುಸ್ತಕದಿಂದ ಮರಳಿ ಪಡೆದವರು. ಇವರು ಮನೆಯಲ್ಲಿ ಪಡೆದು, ‘ಕಲಾವಿದ’ ಆಗಲು ಅದನ್ನು ಹಿಂದೆ ಬಿಡುವ ದಾರಿಯಲ್ಲಿದ್ದವರು.

ಆ ನಕಲುಗಳು 1911ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಪ್ರದರ್ಶನವಾಗಿ, 1915ರಲ್ಲಿ ಇಂಡಿಯಾ ಸೊಸೈಟಿಯಿಂದ ಗ್ರಂಥವಾಗಿ ಬಂದವು. ಹೆರಿಂಗ್‌ಹ್ಯಾಮ್ ಅಷ್ಟರಲ್ಲಿ ಮಾನಸಿಕ ಕಾಯಿಲೆಗೆ ತುತ್ತಾಗಿದ್ದರು. ಮತ್ತೆ ಕುಂಚ ಹಿಡಿಯಲಿಲ್ಲ. ಮುಂದೆ 1920ರ ಹೊತ್ತಿಗೆ ನಿಜಾಮರ ಸರ್ಕಾರ ಅಜಂತಾದ ಚಿತ್ರಗಳ ರಕ್ಷಣೆಗೆಂದು ಇಟಲಿಯಿಂದಲೇ ಲೊರೆಂಜೊ ಚೆಕ್ಕೋನಿ ಮತ್ತು ಕೌಂಟ್ ಓರ್ಸಿನಿ ಎಂಬಿಬ್ಬರನ್ನು ಕರೆಸಿತು. ಅವರು ಕಳಚಿ ಬೀಳುತ್ತಿದ್ದ ಮೆತ್ತಿಗೆಯನ್ನು ಉಳಿಸಿದರು. ಆದರೆ ಮೇಲೆ ಬಳಿದ ಅರಗಿನ ಲೇಪ ಕಾಲ ಕಳೆದಂತೆ ಹಳದಿಗಟ್ಟಿತು. ನಮ್ಮ ಪುರಾತತ್ವ ಇಲಾಖೆಯ ರಸಾಯನಶಾಸ್ತ್ರಜ್ಞರು ಅದನ್ನು ತೆಗೆಯಲು ಮುಂದೆ ಬಹಳ ಶ್ರಮ ಪಡಬೇಕಾಯಿತು. ಇಟಲಿಯ ವಿದ್ಯೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಗೋಡೆ ಯಾವುದು, ಅಂಟು ಯಾವುದು ಎಂದು ಆ ಗೋಡೆಯ ಲೆಕ್ಕದಲ್ಲೇ ತಿಳಿಯಬೇಕು.

ಹಾಗಾದರೆ ಚೆನ್ನೀನೊನಂಥವನು ನಮ್ಮಲ್ಲಿ ಇರಲಿಲ್ಲವೇ? ಒಂದು ರೀತಿಯಲ್ಲಿ ಅವನಿಗಿಂತ ಮುಂಚೆಯೇ ಇದ್ದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ಯಲ್ಲಿ ಚಿತ್ರ ಬರೆಯುವ ಕ್ರಮವಿದೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ‘ವಜ್ರಲೇಪ’ ಮಾಡುವುದು, ಅದನ್ನು ಬಿಳಿ ಮಣ್ಣಿಗೆ ಬೆರೆಸಿ ಗೋಡೆಗೆ ಮೂರು ಸಲ ಬಳಿಯುವುದು, ಕಾಡಿಗೆಯನ್ನು ಅನ್ನದ ಜೊತೆ ಅರೆದು ಬತ್ತಿ ಹೊಸೆದು ಗೆರೆ ಎಳೆಯುವುದು, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವುದು ಎಲ್ಲ ಅಲ್ಲಿದೆ. ಇದರ ಒಂದು ಭಾಗವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯೇ 1926ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚು ಹಾಕಿತು. ಅಂದರೆ ವೆಂಕಟಪ್ಪನವರು ಮೈಸೂರಿನಲ್ಲಿ ಬದುಕಿದ್ದ ಕಾಲದಲ್ಲೇ.

ಆದರೂ ಎರಡು ಪುಸ್ತಕಗಳ ನಡುವೆ ಒಂದು ದೊಡ್ಡ ವ್ಯತ್ಯಾಸ. ಸೋಮೇಶ್ವರ ರಾಜ, ಅರಸನೊಬ್ಬ ತಿಳಿದಿರಬೇಕಾದ ನೂರು ಸಂಗತಿಗಳಲ್ಲಿ, ಆನೆ, ಅಡುಗೆ, ಆಟಗಳ ನಡುವೆ, ಚಿತ್ರವನ್ನೂ ಬರೆಸಿಟ್ಟ, ಅದೂ ದೇವಭಾಷೆಯಲ್ಲಿ. ಚೆನ್ನೀನೊ ಕೈಗೆ ಅಂಟು ಮೆತ್ತಿಕೊಂಡ ಕೆಲಸಗಾರ. ತನ್ನ ಊರಿನ ಆಡುಮಾತಿನಲ್ಲಿ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಂಡಂತೆ ಬರೆದ. ಅವನ ಪುಸ್ತಕ ಓದಿದ ಲಂಡನ್ನಿನ ಹೆಂಗಸು ಐನೂರು ವರ್ಷದ ಮೇಲೆ ಅದೇ ಅಂಟು ಕಾಯಿಸಬಲ್ಲವಳಾದಳು. ಮೈಸೂರಿನ ಚಿತ್ರಗಾರರ ಬಾಯಿಂದ, ಅವರ ಕನ್ನಡದಲ್ಲಿ, ಅಷ್ಟು ವಿವರವಾದ ಪಾಠ ಹೊರಬಂದಿದ್ದರೆ ನಮ್ಮ ಕಲಾ ಇತಿಹಾಸದ ತರಗತಿಗಳು ಇವತ್ತು ಬೇರೆ ಥರ ಇರುತ್ತಿದ್ದವು.

ಕಲ್ಕತ್ತೆಯಲ್ಲಿ ವೆಂಕಟಪ್ಪನವರಿಗೆ ಹೆಸರು ಬಂತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣ ಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು. ಮೈಸೂರಿಗೆ ಮರಳಿದ ಮೇಲೆ ಊಟಿ, ಕೊಡೈಕನಾಲ್‌ಗಳ ಮಂಜು, ಕೊಳ, ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ವೀಣೆ ಶೇಷಣ್ಣನವರಿಂದ ವೀಣೆ ಕಲಿತು, ಅದಕ್ಕೇ ವರ್ಷಗಳನ್ನು ಕೊಟ್ಟರು. ಆಮೇಲೆ ನಾಲ್ವಡಿಯವರ ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಚಿತ್ರಗಳನ್ನು ಮಾಡತೊಡಗಿದರು. ಶಿವನ ತಾಂಡವ, ಬುದ್ಧ ಮತ್ತು ಶಿಷ್ಯರು, ಆಶ್ರಮ ಬಿಟ್ಟು ಹೊರಟ ಶಕುಂತಲೆ. ಕಲಾ ವಿಮರ್ಶಕರು ಇವುಗಳಲ್ಲಿ ಬಂಗಾಳದ ಶೈಲಿ ಕಾಣುತ್ತಾರೆ. ನನಗೆ ಅವುಗಳ ಮುಂದೆ ನಿಂತಾಗ ಸಫೇದದ ಸರಿಯನ್ನು ಕುಂಚದ ತುದಿಯಿಂದ ಎತ್ತರಿಸುತ್ತಿದ್ದ ಮನೆಯೂ ಕಾಣುತ್ತದೆ. ಬಯಲಿನಿಂದ ಮೆಲ್ಲನೆ ಉಬ್ಬಿ ಬರುವ ಆ ರೇಖೆ ಕಲ್ಕತ್ತೆಯ ಶಾಲೆಯೊಂದರದ್ದೇ ಇರಲಾರದು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಉಬ್ಬುಚಿತ್ರಗಳ ಕೆಲಸ ನಿಂತಿತು. ಅವುಗಳ ಬೆಲೆ, ಸಂಭಾವನೆಯ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಇತಿಹಾಸಕಾರ್ತಿ ಜಾನಕಿ ನಾಯರ್ ವೆಂಕಟಪ್ಪನವರ ಬಗ್ಗೆ ಬರೆದ ಪ್ರಬಂಧ ಓದಿದವರಿಗೆ ಆ ವ್ಯಾಜ್ಯ ಬರೀ ಹಣದ್ದಲ್ಲ ಎಂದು ತಿಳಿಯುತ್ತದೆ. ತಾನು 'ಕಲಾವಿದ', ದಿನಗೂಲಿಯ ಲೆಕ್ಕದಲ್ಲಿ ಅಳೆಯಬಹುದಾದ ಕಸುಬುದಾರನಲ್ಲ ಎಂಬುದು ಅವರ ಬದುಕಿನುದ್ದದ ಹಟ. 1571ರಲ್ಲಿ ಫ್ಲಾರೆನ್ಸಿನ ಚಿತ್ರಕಾರರಿಗೆ ಸಂಘದ ಕಟ್ಟಿನಿಂದ ಬಿಡುಗಡೆ ಕೊಟ್ಟ ಅದೇ ವಾದ, ಮೈಸೂರಿನಲ್ಲಿ ಒಬ್ಬನೇ ಮನುಷ್ಯನ ಹೆಗಲ ಮೇಲೆ ಬಂದು ಕೂತಿತ್ತು. ವ್ಯತ್ಯಾಸವೆಂದರೆ ಅಲ್ಲಿ ದೊರೆಯೇ ಜೊತೆಗಿದ್ದ.

ಆ ಹಟವನ್ನು ನಾನು ಹಗುರವಾಗಿ ನೋಡಲಾರೆ. ಚಿತ್ರಗಾರ ಎಂಬ ಮಾತಿಗೆ ಜಾತಿಯ ಭಾರವೂ ಇದ್ದ ಊರಿನಲ್ಲಿ ಕಲಾವಿದ ಎಂಬ ಮಾತು ಬಿಡುಗಡೆಯ ಬಾಗಿಲಾಗಿತ್ತು. ವಸಾರಿಯ ಇಟಲಿ ಅವರಿಗೆ ಕೊಟ್ಟದ್ದು ಆ ಘನತೆ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಕಾರ್ಖಾನೆಯಲ್ಲಿ ಗುರುವಿನ ಪಕ್ಕ ಹುಡುಗನೊಬ್ಬ ಕೂತಿರುತ್ತಾನೆ; ಒಂಟಿ ಪ್ರತಿಭೆಯ ಕೋಣೆಯಲ್ಲಿ ಆ ಹುಡುಗನಿಗೆ ಜಾಗವಿಲ್ಲ. ಜೊತೆಗಾರ ನಂದಲಾಲರು ಶಾಂತಿನಿಕೇತನದಲ್ಲಿ ಶಿಷ್ಯರ ಜೊತೆ ಸೇರಿ ಇಟಲಿಯ ಹಸಿಗಾರೆಯನ್ನೂ ಜೈಪುರದ ಗಾರೆಯನ್ನೂ ಗೋಡೆಗಳ ಮೇಲೆ ಪ್ರಯೋಗಿಸಿ, ಒಂದು ತಲೆಮಾರನ್ನೇ ಬೆಳೆಸಿದರು. ವೆಂಕಟಪ್ಪನವರು ಮೈಸೂರು ಬಿಟ್ಟು ಬೆಂಗಳೂರಿಗೆ ಹೋಗಿ ಏಕಾಂಗಿಯಾಗಿ ಬಾಳಿ 1965ರಲ್ಲಿ ತೀರಿಕೊಂಡರು. ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಅವರ ಹೆಸರು ಹೇಳುವ ಶಿಷ್ಯಪರಂಪರೆ ಬೆಳೆಯಲಿಲ್ಲ.

ಅತ್ತ ಕರಾವಳಿಯಲ್ಲಿ ಚೆನ್ನೀನೊನ ವಿದ್ಯೆ ಅಷ್ಟರಲ್ಲಾಗಲೇ ಗೋಡೆ ಏರಿತ್ತು. ಬೆರ್ಗಾಮೊ ಬಳಿಯ ಸ್ತೆಜ್ಜಾನೊ ಎಂಬ ಹಳ್ಳಿಯಲ್ಲಿ 1854ರಲ್ಲಿ ಹುಟ್ಟಿದ ಅಂತೋನಿಯೊ ಮೊಸ್ಕೇನಿ, ಅಲ್ಲಿನ ಕಲಾಶಾಲೆಯಲ್ಲಿ ಕಲಿತು, ಜೆಸ್ಯುಯಿಟ್ ಬ್ರದರ್ ಆಗಿ ಮಂಗಳೂರಿಗೆ ಬಂದರು. ಹೊಸ ಶತಮಾನ ಕಣ್ಣು ತೆರೆಯುವ ಹೊತ್ತಿಗೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆಗಳಿಗೆ ಫ್ರೆಸ್ಕೊ, ಸೂರಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ, ಹೀಗೆ ಒಳಗನ್ನೆಲ್ಲ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ಅವರನ್ನು ಮೈಸೂರಿನ ಚಿತ್ರಗಾರರು ನೋಡಲಿಲ್ಲ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯ, ನಡುವೆ ಘಟ್ಟ.

ಇಂದು ಘಟ್ಟ ಇಳಿಯಲು ಒಂದು ರಾತ್ರಿಯ ಬಸ್ಸು ಸಾಕು. ಇಟಲಿಗೆ ಹೊರಡುವ ವಿದ್ಯಾರ್ಥಿ ಅದಕ್ಕೂ ಮುಂಚೆ ಮಾಡಬಹುದಾದ ಪ್ರವಾಸ ಇದೇ ರಾಜ್ಯದೊಳಗೆ ಇದೆ. ಜಗನ್ಮೋಹನದ ಗೋಡೆಗಳು, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಕದನದ ಚಿತ್ರ, ಮಂಗಳೇಶನ 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಅಳಿದುಳಿದ ಬಣ್ಣ, ಹಂಪಿಯ ವಿರೂಪಾಕ್ಷ ದೇವಾಲಯದ ಸೂರು, ಮಂಗಳೂರಿನ ಚಾಪೆಲ್. ಪ್ರತಿ ಗೋಡೆಯ ಮುಂದೆ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದರ ಗಾರೆಗೆ ಏನು ಬೆರೆಸಿದರು, ಅಂಟು ಯಾವುದು, ಬಣ್ಣ ಅರೆದವರು ಯಾರು, ಅವರಿಗೆ ಸಂದದ್ದೇನು?

ಆ ಪ್ರಶ್ನೆ ಅಭ್ಯಾಸವಾದ ಮೇಲೆ ಫ್ಲಾರೆನ್ಸಿಗೆ ಹೋಗಿ. ಸಾಂತಾ ಕ್ರೋಚೆ ಚರ್ಚಿನಲ್ಲಿ ಚೆನ್ನೀನೊನ ಗುರು ಆನ್ಯೊಲೊ ಗಾದ್ದಿ ಬರೆದ ಗೋಡೆ ಇದೆ. ಅದರ ಮುಂದೆ ನಿಂತವರಿಗೆ ಒಂದು ದಿನದ ಗಾರೆ ಮುಗಿದು ಇನ್ನೊಂದು ದಿನದ್ದು ಶುರುವಾದ ಅಂಚು ಎಲ್ಲಿದೆ ಎಂದು ಹುಡುಕಬೇಕೆನ್ನಿಸುತ್ತದೆ. ಮರಳಿ ಬಂದ ಮೇಲೆ ಮೈಸೂರಿನಲ್ಲಿ ಇನ್ನೂ ಚಿನ್ನದ ರೇಕು ಕೂರಿಸುತ್ತಿರುವ ಹಿರಿಯರ ಮನೆಗೆ ಹೋಗಿ, ಅವರು ಹೇಳುವುದನ್ನು ಅವರದ್ದೇ ಮಾತಿನಲ್ಲಿ ಬರೆದುಕೊಳ್ಳುವ ಕೆಲಸ ಬಾಕಿ ಇದೆ. ಚೆನ್ನೀನೊನ ಪುಸ್ತಕದ ಕನ್ನಡದ ಜೋಡಿ ಇನ್ನೂ ಅವರ ಕೈಬೆರಳುಗಳಲ್ಲೇ ಇದೆ.